ಎಡೆಗೊಂದು ಚಾಕೊಲೇಟ್ ಕೇಕು

ಮೂರನೇ ಕೇಕೂ ನಡುವೆ ಕುಸಿದು ಕೂತಿತು. ಪ್ರೇಮಕುಮಾರಿ ಚಾಕು ಚುಚ್ಚಿ ನೋಡಿದಳು. ಒಳಗೆ ಹಸಿ ಹಸಿ, ಅಂಚೆಲ್ಲ ಕರಕಲು. "ಥೂ ನಿನ್ನ ಮನೆ ಹಾಳಾಗ!" ಎಂದು ಕುಕ್ಕರಿಗೆ ಬೈದು, ಅದೇ ಉಸಿರಿನಲ್ಲಿ ಮತ್ತೆ ಮೈದಾ ಜರಡಿ ಹಿಡಿಯತೊಡಗಿದಳು. ಮಹಾಲಯ ಅಮಾವಾಸ್ಯೆಗೆ ಇನ್ನು ಎರಡೇ ದಿನ.

"ಅದೇನೇ ಅದು, ಮನೆಯೆಲ್ಲ ಸುಟ್ಟ ವಾಸ್ನೆ?"

ಗಂಡ ನಂಜಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಚನ್ನರಾಯಪಟ್ಟಣದ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಅವನದು. ಮಾತು ಕಮ್ಮಿ, ಹಟ ಜಾಸ್ತಿ.

"ಚಾಕೊಲೇಟ್ ಕೇಕು. ಹಿರಿಯರ ಹಬ್ಬಕ್ಕೆ ಎಡೆ ಇಡಕ್ಕೆ."

"ಎಡೆಗೆ ಕೇಕಾ? ತಲೆ ನೆಟ್ಟಗಿದೆಯೇನೆ ನಿಂಗೆ? ಯಾರಿಗದು?"

ಅವಳು ಹಿಟ್ಟಿನ ಕೈಯಲ್ಲೇ ನಡುಮನೆಯ ಗೋಡೆ ತೋರಿಸಿದಳು. ಮಾವನ ಫೋಟೋ, ಅತ್ತೆಯ ಫೋಟೋ, ಪಕ್ಕದಲ್ಲಿ ಮಗಳು ಮಾನ್ಯಳ ಫೋಟೋ. ಮೂರಕ್ಕೂ ಗಂಧದ ಚಕ್ಕೆಯ ಹಾರ. ಮಗಳದ್ದು ಹಾಸನದಲ್ಲಿ ಕಾಲೇಜು ಮುಗಿಸಿದ ವರ್ಷ ತೆಗೆಸಿದ್ದು. ಹುಡುಗಿ ಹಲ್ಲು ಬಿಟ್ಟು ನಗುತ್ತಿದ್ದಳು.

"ಅವಳ ಹೆಸರು ಈ ಮನೇಲಿ ಎತ್ತಬ್ಯಾಡ ಅಂದಿದ್ದೆ."

"ನಾನೆಲ್ಲಿ ಎತ್ತಿದೆ? ತಿಥಿ ಮಾಡಿದ್ದು ನೀವು. ಫೋಟೋಗೆ ಹಾರ ಹಾಕಿದ್ದು ನೀವು. ನಿಮ್ಮಪ್ಪಂಗೆ ನಶ್ಯದ ಡಬ್ಬಿ ಇಡ್ತೀರಿ, ನಿಮ್ಮವ್ವಂಗೆ ಎಲೆ ಅಡಿಕೆ ಇಡ್ತೀರಿ. ನನ್ ಮಗಳಿಗೆ ಏನಿಷ್ಟವೋ ಅದನ್ನ ನಾನಿಡ್ತೀನಿ. ಬ್ಯಾಡ ಅನ್ನೋ ಹಂಗಿದ್ರೆ ಮೊದ್ಲು ಆ ಹಾರ ತೆಗ್ದು ಮಾತಾಡಿ."

ಹಾರ ತೆಗೆಯುವುದು ನಂಜಯ್ಯನಿಂದಾಗದ ಕೆಲಸ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟುಹೋದ.

ಮೂರು ವರ್ಷ ಪ್ರೇಮಕುಮಾರಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ತಿಥಿಯ ದಿನ ಅಳಬೇಡ ಎಂದರು, ಅಳಲಿಲ್ಲ. ಮಗಳ ಬಟ್ಟೆಬರೆಗೆ ಬೆಂಕಿ ಇಟ್ಟರು, ನೋಡುತ್ತ ನಿಂತಳು. ಸಾಕು, ಇನ್ನಾಗದು. ಈ ಸಲ ಮಗಳಿಗೆ ತನ್ನ ಕೈಯಾರೆ ಮಾಡಿದ್ದನ್ನು, ಇದೇ ಮನೆಯಲ್ಲಿ, ಇದೇ ನಡುಮನೆಯಲ್ಲಿ ಬಡಿಸಲೇಬೇಕು. ಅದರಿಂದ ಯಾರಪ್ಪನ ಮನೆ ಗಂಟು ಹೋಗುತ್ತದೆ?

ಬೇಕರಿಯಿಂದ ತರುವಂತಿರಲಿಲ್ಲ. ಎಡೆಗೆ ಇಡುವುದು ಮಡಿಯಲ್ಲಿ, ಮನೆಯಲ್ಲೇ ಮಾಡಿದ್ದಾಗಬೇಕು. ಮೊಟ್ಟೆಯಂತೂ ಈ ಹೊಸಿಲು ದಾಟಿದ್ದಿಲ್ಲ. ಮೊಬೈಲಿನಲ್ಲಿ ನೋಡಿ ಮಾಡಿದ್ದೆಲ್ಲ ದಂಡ. ಒಬ್ಬಾಕೆ ಬಾಳೆಹಣ್ಣು ಹಾಕಿ ಎಂದಳು, ರಸಾಯನದ ವಾಸನೆ ಬಂತು. ಇನ್ನೊಬ್ಬಾಕೆ ಹಾಲಿನ ಪುಡಿ ಎಂದಳು, ಗಂಟಲಿಗೇ ಇಳಿಯಲಿಲ್ಲ. ಮಾನ್ಯಳಿಗೆ ಇಷ್ಟವಾದದ್ದು ಕಪ್ಪಗೆ, ಮೆತ್ತಗೆ, ನಾಲಗೆಗೆ ಅಂಟುವಂಥದ್ದು.

ಕೊನೆಗೆ ಹಳ್ಳಿಮೈಸೂರಿನ ಸಂಘಮಿತ್ರಾಳಿಗೆ ಫೋನು ಮಾಡಿದಳು. ಮನೆಯಲ್ಲೇ ಕೇಕು ಮಾಡಿ ಹೊಳೆನರಸೀಪುರದ ತನಕ ಹುಟ್ಟುಹಬ್ಬಗಳಿಗೆ ಕೊಡುವ ಹೆಂಗಸು.

"ಪ್ರೇಮಕ್ಕಾ, ಬೆಣ್ಣೆ ಬಿಡಿ, ಎಣ್ಣೆ ಆಕಿ. ಹುಳಿ ಮೊಸರಿಗೆ ಸೋಡಾ ಕಲ್ಸಿ ಉಕ್ಕಕ್ಕೆ ಬಿಡಿ. ಕೋಕೋ ಪುಡೀನ ಕುದಿಯೋ ನೀರಲ್ಲಿ ಕದಡಿ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಚೆನ್ನಾಗಿ ಕಾದ್ಮೇಲೆ ಪಾತ್ರೆ ಇಡಿ. ಗ್ಯಾಸ್ಕೆಟ್ಟು, ವಿಷಲ್ಲು ಎರಡೂ ತೆಗ್ದುಬುಡಿ. ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬ್ಯಾಡಿ ಕಣಕ್ಕಾ."

"ಕಾಫಿ ಡಿಕಾಕ್ಷನ್ ಹಾಕ್ತಾರಂತಲ್ಲ?"

"ಆಕಿದ್ರೆ ರುಚಿ. ಈ ಸಲಕ್ಕೆ ಬ್ಯಾಡ, ಬರೀ ನೀರೇ ಇರ್ಲಿ."

ಪ್ರೇಮಕುಮಾರಿ ಯಾಕೆಂದು ಕೇಳಲಿಲ್ಲ. ಮುಚ್ಚಳವನ್ನೇ ದಿಟ್ಟಿಸುತ್ತ ಮುಕ್ಕಾಲು ಗಂಟೆ ಕೂತಳು. ತೆಗೆದಾಗ ಕೇಕು ಉಬ್ಬಿ, ಕಪ್ಪಗೆ ಮಿರುಗುತ್ತಿತ್ತು. "ಬಂದ್ಯಲ್ಲ ನನ್ನಪ್ಪಾ!" ಎಂದು ಒಬ್ಬಳೇ ಚಪ್ಪಾಳೆ ತಟ್ಟಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಮಾವಾಸ್ಯೆಯ ಬೆಳಿಗ್ಗೆ ಮಡಿಯುಟ್ಟು ಅದೇ ಅಳತೆಯಲ್ಲಿ ಇನ್ನೊಂದು ಮಾಡಿದಳು. ಮಧ್ಯಾಹ್ನ ನಂಜಯ್ಯನ ಅಣ್ಣ ಚನ್ನಬಸವಯ್ಯ ಬಂದ. ಫೋಟೋಗಳ ಮುಂದೆ ಮೂರು ಬಾಳೆಲೆ ಹಾಸಿದರು. ಕಜ್ಜಾಯ, ಪಾಯಸ, ಕುಂಬಳಕಾಯಿ ಪಲ್ಯ. ಮೂರನೆಯ ಎಲೆಯ ನಡುವೆ ಕೇಕು.

"ಇದ್ಯಾವ್ದಮ್ಮ ಕರೀ ಗಡ್ಡೆ?" ಚನ್ನಬಸವಯ್ಯ ಕಣ್ಣರಳಿಸಿದ. "ಹಿರೀಕರು ಮುನಿಸ್ಕಂಡಾರು. ತೆಗ್ದಿಡು."

"ಮುನಿಸ್ಕಂಡ್ರೆ ನನ್ ಮೇಲೆ ಮುನಿಸ್ಕಳ್ಳಿ ಭಾವ. ತೆಗೆಯಲ್ಲ."

ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದರು. ಇನ್ನು ಹೋದವರು ಬಂದು ಉಣ್ಣುವ ಹೊತ್ತು. ಒಳಗೆ ಯಾರೂ ಇರಬಾರದು, ಇಣುಕಲೂಬಾರದು. ಹಿತ್ತಲ ಬಾಗಿಲನ್ನು ತಾನು ನೋಡಿಕೊಳ್ಳುತ್ತೇನೆಂದು ಹೋಗಿದ್ದ ಪ್ರೇಮಕುಮಾರಿ ಕೊನೆಯವಳಾಗಿ ಬಂದು, ಮುಂಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತಳು.

ಹತ್ತು ನಿಮಿಷ ಕಳೆಯಿತು. ಒಳಗೆ ಲೋಟದ ಸದ್ದಾಯಿತು.

"ಬೆಕ್ಕಿರಬೇಕು," ಎಂದ ನಂಜಯ್ಯ.

"ಬೆಕ್ಕು ಲೋಟಕ್ಕೆ ನೀರು ಬಗ್ಗಿಸ್ಕಂಡು ಕುಡೀತದೇನ್ರೀ?"

ಚನ್ನಬಸವಯ್ಯ ಪದ್ಧತಿಯಂತೆ ಮೂರು ಸಲ ತಟ್ಟಿ ಬಾಗಿಲು ತೆಗೆದ. ತೆಗೆದವನೇ "ಶಿವಶಿವಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಎಲೆಯ ಮೇಲೆ ಅರ್ಧ ಕೇಕು ಇರಲಿಲ್ಲ. ಗೋಡೆಗೊರಗಿ, ಏಳು ತಿಂಗಳ ಹೊಟ್ಟೆ ಹೊತ್ತ ಮಾನ್ಯ ಬೆರಳು ನೆಕ್ಕುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದವಳು ಅವಳ ಗಂಡನ ಅಕ್ಕ, ಸಂಘಮಿತ್ರಾ.

"ಬ್ಯಾರೆ ಜಾತಿಯೋನ್ನ ಕಟ್ಕಂಡ್ಲು ಅಂತ ಬದುಕಿರೋ ಮಗಳಿಗೆ ತಿಥಿ ಮಾಡಿದ್ರಲ್ಲ," ಪ್ರೇಮಕುಮಾರಿ ಗಂಡನನ್ನು ದಾಟಿ ಒಳಗೆ ಹೋಗಿ ಮಗಳ ಎಲೆಗೆ ಇನ್ನೊಂದು ತುಂಡು ಕತ್ತರಿಸಿ ಹಾಕಿದಳು, "ಬಸುರಿ ಹೆಂಗಸು ಬಯಕೆ ತೀರಿಸ್ಕಣಕ್ಕೆ ತೌರುಮನೆಗೆ ಬಂದವ್ಳೆ, ಈಗ ಎಬ್ಬಿಸಿ ನೋಡಾಣ."