ಹರಿಗೋಲಿಗೆ ಎಷ್ಟು ಚಕ್ರ?

ಇದರಾಗ ಒಂದು ಮಾತು ಸುಳ್ಳಿದ್ರೂ ಡ್ಯಾಮಿನ ಗೇಟು ಅಷ್ಟೂ ಒಮ್ಮೆಲೇ ತೆರಕೊಂಡು, ಹೇಳಿದವನನ್ನ ಕಂಪ್ಲಿ ತನಕ ತೇಲಿಸ್ಕೊಂಡು ಹೋಗ್ಲಿ. ಹೊಸಪೇಟ್ಯಾಗಿನ ಹೊಸ ಕಂಪ್ಯೂಟರ್ ಆಫೀಸಿನಾಗ ಬಸವಕುಮಾರ್ ಸಾಹೇಬ ಗಾಳೆಮ್ಮನ ಮಾರಿ ನೋಡಿ, ಒಂಚೂರೂ ನಗದ ಕೇಳಿದ: "ಅಕ್ಕಾರ, ನಿಮ್ಮ ಹರಿಗೋಲಿಗೆ ಚಕ್ರ ಎಷ್ಟು?"

ಬ್ಯಾರೆ ಯಾರನ್ನಾರ ಕೇಳ್ಯಾನೇನು ಅಂತ ಗಾಳೆಮ್ಮ ಹಿಂದಕ್ಕ ತಿರುಗಿ ನೋಡಿದ್ಲು. ಹಿಂದ ನಿಂತಾವ ಹೊನ್ನೂರಪ್ಪ ಒಬ್ಬನ. ಸಂಡೂರಿನ ಗಣಿಗೆ ಲಾರಿ ಬಿಟ್ಟು ಗಂಟು ಮಾಡಿ, ಈಗ ಮೋಟರ್ ಬೋಟು ತಂದಿದ್ದ. ಗಾಳೆಮ್ಮನ ಮನೆತನದವ್ರು ಅಜ್ಜ ಮುತ್ತಜ್ಜನ ಕಾಲದಿಂದ ಬುಟ್ಟಿಯಂಥ ಹರಿಗೋಲಿನ್ಯಾಗ ಮಂದಿನ್ನ ಹೊಳಿ ದಾಟಿಸ್ತಿದ್ದ ಹಂಪಿ ಘಟ್ಟದ ಮ್ಯಾಲ ಅವನ ಕಣ್ಣು. ಒಂದು ಘಟ್ಟಕ್ಕ ಒಂದೇ ಪರವಾನಗಿ. ಸಂಜಿಗೆ ಆಫೀಸು ಮುಚ್ಚೋದ್ರಾಗ ಯಾರ ಹೆಸರನ್ನ ಕಂಪ್ಯೂಟರ್ ನುಂಗತೈತೋ ಘಟ್ಟ ಅವರದ್ದು. ಉಳಿದಾವ್ರು ದಂಡಿ ಮ್ಯಾಲ ಕುಂತು ಹೊಳಿ ನೋಡಬೇಕು.

"ನೀರಿನ್ಯಾಗ ಹೋಗೋದಕ್ಕ ಚಕ್ರ ಯಾಕ್ರಿ ಸಾಹೇಬ್ರ?"

"ಇಡೀ ರಾಜ್ಯಕ್ಕ ಒಂದೇ ಅರ್ಜಿ ನಮೂನಿ, ಅಕ್ಕಾರ. ಲಾರಿ ಆಗ್ಲಿ, ದೋಣಿ ಆಗ್ಲಿ, ಎಲ್ಲಾ ಇಲಾಖೆಯವ್ರೂ ಒಂದೇ ಪ್ರಶ್ನೆ ಕೇಳಬೇಕು. ಆಗ ಆ ಕಂಪ್ಯೂಟರ್ ಹೇಳಿದ್ದು ಈ ಕಂಪ್ಯೂಟರಿಗೆ ತಿಳೀತೈತಿ." ಬಸವಕುಮಾರ ಬೆಂಗಳೂರಿನಾಗ ಟ್ರೇನಿಂಗ್ ಮುಗಿಸಿ ಬಂದಿದ್ದ, ಈ ಮಾತು ಹೇಳುವಾಗ ಅವನ ಕಣ್ಣಾಗ ನೀರು ಬರೋದೊಂದು ಬಾಕಿ. ಆದ್ರ ಆ ನಮೂನಿ ಮಾಡಿದಾವ್ರು ಈ ಸೀಮ್ಯಾಗ ಕಂಡಿದ್ದು ಬರೇ ಅದಿರು ಲಾರಿ. ಪ್ರಶ್ನೆ ಎಲ್ಲಾ ಲಾರಿ ಮೈಗೆ ಅಳತಿ ಹಿಡಿದು ಹೊಲಿದ ಅಂಗಿಯಂಗ ಇದ್ವು.

"ಏನು ಸಾಗಿಸ್ತೀರಿ? ಗಟ್ಟಿ ಅದಿರೋ, ಪುಡಿ ಅದಿರೋ? ಇದರಾಗ ಎರಡೇ ಅದಾವು."

"ಮಂದಿನ್ನ ಸಾಗಿಸ್ತೀನ್ರಿ. ದೊಡ್ಡಾವ್ರನ್ನ ಗಟ್ಟಿ ಅಂತ ಬರ್ಕೊರ್ರಿ, ಸಣ್ಣ ಹುಡುಗ್ರನ್ನ ಪುಡಿ ಅಂತ."

ಕಂಪ್ಯೂಟರ್ ಎರಡನ್ನೂ ತುಟಿ ಪಿಟಕ್ಕನ್ನದ ನುಂಗ್ತು. ಚಕ್ರಕ್ಕ ಬಂದು ಕಾಲು ಊರಿ ನಿಂತಿತು. ಸೊನ್ನೆ ಒತ್ತಿದ್ರ ಸ್ಕ್ರೀನು ಕೆಂಪಗಾಗಿ ಕೊಂಯ್ ಅಂತ ಬೈತಿತ್ತು.

"ಸರಿ ಅಕ್ಕಾ, ಹಂಗಾರ ನಂದು ನೋಡ್ಲಿ," ಅಂತ ಹೊನ್ನೂರಪ್ಪ ಮುಂದ ಬಂದ. "ಎಂಜಿನ್ ಐತ್ರಿ, ಡೀಸೆಲ್ ಐತ್ರಿ, ಹಾರನ್ನೂ ಐತ್ರಿ. ಮಸ್ತ್ ಗಾಡಿ." ಎಂಜಿನ್ ನಂಬರನ್ನ ಕಂಪ್ಯೂಟರ್ ಹೋಳಿಗಿ ತಿಂದಂಗ ತಿಂತು. ಚಕ್ರಕ್ಕ ಮತ್ತ ಕೊಂಯ್.

"ಅಲ್ರೀ, ಬೋಟಿಗೆ ಎಲ್ಲಿರ್ತಾವ್ರಿ ಚಕ್ರ? ನಾಕು ಅಂತ ಒತ್ತಿಬಿಡ್ರಿ!"

"ಇಲ್ಲದ್ದು ಬರಿಯಂಗಿಲ್ಲ."

"ಲಾರಿದೊಂದು ಸ್ಟೆಪ್ನಿ ತಂದು ಕಟ್ತೀನ್ರಿ?"

"ಅದು ಹೊತ್ತ ಹೊರಿ ಆಗತೈತಿ, ಚಕ್ರ ಆಗಂಗಿಲ್ಲ."

ಅಷ್ಟ್ರಾಗ ಜವಾನ ಕಿಟಕಿ ಹಾಕಾಕ ಶುರು ಮಾಡಿದ. ಒಂದೊಂದು ಕಿಟಕಿ ಮುಚ್ಚಿದಾಗೂ ಗಾಳೆಮ್ಮನಿಗೆ ತನ್ನ ಹೊಳಿನ ಯಾರೋ ಸುತ್ತಿ ಕಂಕುಳಾಗ ಇಟ್ಕೊಂಡು ಹೊಂಟಂಗ ಆತು. ಸಿಟ್ಟಿಲೆ ಟೇಬಲ್ ಬಡಿದ್ಲು. "ಚಕ್ರ ಚಕ್ರ ಅಂತೈತಲ್ಲ, ಚಕ್ರ ಅಂದ್ರೇನಂತ ಅದಕ್ಕರ ಗೊತ್ತೈತೇನ್ರಿ?"

ಬಸವಕುಮಾರನ ಮಾರಿ ಅರಳ್ತು. ಪ್ರತಿ ಪ್ರಶ್ನೆಗೂ ಬಾಜೂಕ ಸಣ್ಣದೊಂದು ಗುಂಡಿ ಇತ್ತು, ಒತ್ತಿದ್ರ ಆ ಮಾತಿನ ಅರ್ಥ ಬರತಿತ್ತು. ರಾಜ್ಯದಾಗ ಅದನ್ನ ಇನ್ನೂ ಒಬ್ಬರೂ ಒತ್ತಿದ್ದಿಲ್ಲ. ಒತ್ತಿದ. ಗಂಟಲು ಸರಿ ಮಾಡ್ಕೊಂಡು ಓದಿದ: "ಚಕ್ರವು ದುಂಡಗಿರತಕ್ಕದ್ದು. ತನ್ನ ಸುತ್ತ ತಾನು ತಿರುಗತಕ್ಕದ್ದು. ಭಾರ ಹೊತ್ತು ಸಾಗತಕ್ಕದ್ದು."

ಗಾಳೆಮ್ಮ ಕುರ್ಚಿ ಬಿಟ್ಟು ಎದ್ಲು. "ದುಂಡಗ ಐತ್ರಿ! ತಿರುಗತೈತ್ರಿ, ಬ್ಯಾಡಂದ್ರೂ ತಿರುಗತೈತಿ! ಮೊನ್ನೆ ಒಂದು ಮದಿವಿ ಮಂದಿ ಅಷ್ಟೂ, ಮ್ಯಾಲ ಒಂದು ಎಮ್ಮಿ ಹೊತ್ಕೊಂಡು ಹೋಗೈತಿ! ಒಂದು ಅಂತ ಒತ್ರಿ, ಸಾಹೇಬ್ರ! ಇಡೀ ಹರಿಗೋಲೇ ಒಂದು ಚಕ್ರ!"

ಒತ್ತಿದ. ಸ್ಕ್ರೀನು ಹಸಿರಾತು. ಪ್ರಿಂಟರ್ ಕಿರ್ರ್ ಅಂತ ಕಾಗದ ಉಗುಳ್ತು. ಜವಾನ ಹಾಕಿದ ಕಿಟಕಿ ತಾನೇ ತೆಗೆದು ಚಪ್ಪಾಳಿ ಹೊಡೆದ.

"ಹಂಗಾರ ನಂದೂ..." ಅಂದ ಹೊನ್ನೂರಪ್ಪ.

"ನಿಂದು ಚೂಪೈತಲ್ಲೋ ತಮ್ಮಾ," ಅಂತ ಗಾಳೆಮ್ಮ ಅವನ ಬೆನ್ನು ಚಪ್ಪರಿಸಿದ್ಲು. "ಚಾ ಕುಡಿ ಬಾ, ನಾ ಕುಡಿಸ್ತೀನಿ."

ಮರುದಿನ ಬಸವಕುಮಾರ ತಾನೇ ಘಟ್ಟಕ್ಕ ಬಂದ, ಕೈಯಾಗ ಲಾರಿಗೆ ಹಾಕೋ ಅಂಥದ್ದೇ ಹಳದಿ ನಂಬರ್ ಪ್ಲೇಟು. ಆಕಡಿ ದಂಡಿ, ಈಕಡಿ ದಂಡಿ, ಜಾತ್ರಿ ಕೂಡಿದಂಗ ಮಂದಿ.

"ನೋಡ್ರಿ ಅಕ್ಕಾರ, ಇದು ವಾಹನದ ಮುಂಭಾಗಕ್ಕ ಇರಬೇಕು. ಮುಂಭಾಗ ಅಂದ್ರ ನಮ್ಮ ನಮೂನಿ ಪ್ರಕಾರ, ಯಾವ ಭಾಗ ಮೊದಲು..."

ಅವನ ಮಾತು ಇನ್ನೂ ದಂಡಿ ಮ್ಯಾಲ ಇತ್ತು, ಗಾಳೆಮ್ಮ ಪ್ಲೇಟು ಕಸ್ಕೊಂಡು, ಹರಿಗೋಲಿಗೆ ಸಿಗಿಸಿ, ನಡುಹೊಳಿಗೆ ಹೋಗಿಬಿಟ್ಟಿದ್ಲು. ಅಲ್ಲಿ ನಿಂತು ಹುಟ್ಟು ಹಾಕಿ ಗರಗರ ತಿರುಗಿಸಿದ್ಲು, ಎರಡೂ ದಂಡಿ ಮಂದಿಗೂ ಸರದಿ ಪ್ರಕಾರ ನಂಬರು ಕಾಣಂಗ.