ನಲವತ್ತು ನೀರುಹಕ್ಕಿ

“ಕಾಲು ಎಲ್ಲೈತೋ? ಕಾಲೇ ಕಾಣ್ತಿಲ್ಲ. ಇದು ನಡೆಯಲ್ಲ.”

ಮೂವತ್ತೊಂಬತ್ತನೆಯ ಹಕ್ಕಿಯ ಫೋಟೋವನ್ನು ಗೋವಿಂದಯ್ಯ ಮೇಷ್ಟ್ರು ಎರಡನೇ ಸಲ ತಳ್ಳಿಹಾಕಿದರು. ಫೋನಿನ ಆ ಕಡೆ ಇದ್ದವನು ಮುದ್ದಣ್ಣ. ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ಹಳೆಯ ವಿದ್ಯಾರ್ಥಿ ಅವನು. ಈಗ ಬಾಗೂರಿನ ಆಚೆಯ ಕೆರೆಯಲ್ಲಿ ಬಲೆ ಬಿಟ್ಟು ಮೀನು ಹಿಡಿಯುತ್ತಾನೆ.

“ಗದ್ದೆಗೊರವದಲ್ಲಿ ಎರಡು ಜಾತಿ, ಒಂದಕ್ಕೆ ರೆಕ್ಕೆ ಒಳಗೆ ಕಪ್ಪು, ಇನ್ನೊಂದಕ್ಕೆ ಬಿಳುಪು. ರೆಕ್ಕೆ ಬಿಚ್ಚಿರಬೇಕು, ಕಾಲಿನ ಬಣ್ಣ ಕಾಣಬೇಕು. ತಿಳೀತಾ?”

“ತಿಳೀತು ಮೇಷ್ಟ್ರೇ. ನಾಳೆ ಬೆಳಿಗ್ಗೆ ಕಳಿಸ್ತೀನಿ.”

ಆ ಕೆರೆಯ ಅರ್ಧಕ್ಕೆ ಮಣ್ಣು ಸುರಿದು ಸೈಟು ಮಾಡುವ ಮಾತೆದ್ದಿತ್ತು. ಪರಿಶೀಲನೆಗೆ ಬಂದ ಸಮಿತಿ ಒಂದೇ ಷರತ್ತು ಹಾಕಿತ್ತು. ಈ ಚಳಿಗಾಲದಲ್ಲಿ ಇಲ್ಲಿ ನಲವತ್ತು ಜಾತಿಯ ನೀರುಹಕ್ಕಿಗಳಿವೆಯೆಂದು ಸ್ಪಷ್ಟ ಫೋಟೋ ಸಮೇತ ತೋರಿಸಿದರೆ ಕೆರೆ ಉಳಿಯುತ್ತದೆ. ಮೂವತ್ತು ವರ್ಷ ದುರ್ಬೀನು ಹಿಡಿದು ಆ ಏರಿಯ ಮೇಲೆ ಅಲೆದಿದ್ದ ಮೇಷ್ಟ್ರು ಮೊಣಕಾಲಿನ ಆಪರೇಷನ್ ಆಗಿ ಹೊಸದುರ್ಗದ ಮನೆಯಲ್ಲಿ ಬಿದ್ದಿದ್ದರು. ಕೆರೆ ಹೋದರೆ ನಾನು ಇದ್ದೂ ಸತ್ತಂತೆ ಎಂದು ಮಗಳ ಮುಂದೆ ಕಣ್ಣೀರು ಹಾಕಿದ್ದೂ ಉಂಟು.

ಮಗಳು ಬೃಂದಾಳಿಗೆ ಮಾತ್ರ ಮೊದಲಿನಿಂದಲೂ ಅನುಮಾನ.

“ಅಪ್ಪಾ, ಮುದ್ದಣ್ಣಂದು ಡಬ್ಬಾ ಫೋನು. ಅದ್ರಲ್ಲಿ ಗರಿ ಎಣಿಸೋ ಹಂಗೆ ಫೋಟೋ ಬರ್ತೈತಾ? ಇಂಟರ್ನೆಟ್ಟಿಂದ ಕದ್ದಿರ್ತಾನೆ.”

ಒಂದು ಮಧ್ಯಾಹ್ನವಿಡೀ ಹುಡುಕಿದಳು. ಕದ್ದದ್ದು ಒಂದೂ ಸಿಗಲಿಲ್ಲ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ, ಎಲ್ಲವೂ ಅದೇ ಕೆರೆಯ ತೂಬಿನ ಕಲ್ಲಿನ ಮೇಲೆಯೇ ಇದ್ದವು. ಮೇಷ್ಟ್ರು ಗೆದ್ದವರಂತೆ ನಕ್ಕರು. ಆದರೂ ಮನಸ್ಸು ತಡೆಯದೆ ಮುದ್ದಣ್ಣನನ್ನು ಕೇಳಿಯೇಬಿಟ್ಟರು.

“ಅಷ್ಟು ಹತ್ರ ಹೋಗ್ತೀಯಲ್ಲ, ಹಾರಲ್ವೇನೋ?”

“ನಾನು ಹತ್ರ ಹೋಗೋ ಹೊತ್ಗೆ ಸುಮ್ಕಾಗಿರ್ತವೆ ಮೇಷ್ಟ್ರೇ.”

ತಾಳ್ಮೆ ಅಂದರೆ ಇದು ಎಂದು ಮೇಷ್ಟ್ರು ಮಗಳಿಗೆ ಪಾಠ ಹೇಳಿದರು. ಕ್ಲಾಸಿನಲ್ಲಿ ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಈಗ ನಾಚಿಕೆಯಾಗುತ್ತಿತ್ತು.

ಮಾತು ಕೊಟ್ಟಂತೆ ಮರುದಿನ ಬೆಳಿಗ್ಗೆ ಗದ್ದೆಗೊರವ ಬಂತು. ರೆಕ್ಕೆ ಪೂರ್ತಿ ಬಿಚ್ಚಿತ್ತು. ಒಳಗೆ ಬಿಳುಪು, ಕಾಲು ಹಳದಿ. ಎರಡು ದಿನ ಬಿಟ್ಟು ಚಮಚದ ಕೊಕ್ಕರೆಯೂ ಬಂದು ಪಟ್ಟಿ ತುಂಬಿತು.

ಸಮಿತಿಯ ಹೇಮಾವತಿ ಮನೆಗೇ ಬಂದರು. ಒಂದೊಂದೇ ಫೋಟೋ ನೋಡಿ ಕನ್ನಡಕ ತೆಗೆದರು.

“ಸರ್, ಫೋಟೋ ಚೆನ್ನಾಗಿವೆ. ಅತಿ ಚೆನ್ನಾಗಿವೆ, ನನಗೆ ಅನುಮಾನವೇ ಅದು. ಒಂದೂ ಹಾರುತ್ತಿಲ್ಲ, ಒಂದೂ ನೀರಲ್ಲಿಲ್ಲ. ಬೇರೆ ಕಡೆಯ ಹಕ್ಕಿಗಳನ್ನು ಕಂಪ್ಯೂಟರಿನಲ್ಲಿ ಈ ಕಲ್ಲಿನ ಮೇಲೆ ಅಂಟಿಸಿಲ್ಲ ಅನ್ನೋದಕ್ಕೆ ಏನು ಸಾಕ್ಷಿ? ಒಂದು ಸುಳ್ಳಾದರೂ ಇಡೀ ಪಟ್ಟಿ ವಜಾ.”

ಮೇಷ್ಟ್ರು ಅಲ್ಲೇ ಕುಳಿತು ಮುದ್ದಣ್ಣನಿಗೆ ಫೋನ್ ಹಚ್ಚಿದರು.

“ಸಮಿತಿ ಮೇಡಂ ಇಲ್ಲೇ ಕೂತಿದ್ದಾರೆ, ನಿಜ ಹೇಳೋ. ಏನಾದ್ರೂ ಮೋಸ ಮಾಡಿದೀಯಾ?”

“ದೇವರಾಣೆ ಇಲ್ಲ ಮೇಷ್ಟ್ರೇ! ಎಲ್ಲಾ ನಮ್ಮ ಕೆರೇವೇ. ಅಮ್ಮಾರನ್ನ ಕೂರಿಸ್ಕಂಡಿರ್ರಿ, ಸಾಕ್ಷಿ ತಗಂಡೇ ಬರ್ತೀನಿ.”

ಗಂಟೆಯೊಳಗೆ ಬಾಗಿಲಲ್ಲಿ ಲಗೇಜ್ ಆಟೋ ನಿಂತಿತು. ಮುದ್ದಣ್ಣ ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಮೇಷ್ಟ್ರ ಕಾಲ ಬಳಿ ಜೋಡಿಸಿದ. ಲುಂಗಿಗೆ ಕೈ ಒರೆಸಿಕೊಂಡು, ಮೊದಲ ಸಲ ಸರಿಯುತ್ತರ ಗೊತ್ತಿರುವ ಹುಡುಗನಂತೆ ನೆಟ್ಟಗೆ ನಿಂತು, ಮುಚ್ಚಳ ತೆಗೆದ.

“ಯಾರಾದ್ರೂ ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು ಮೇಷ್ಟ್ರೇ, ಬಲೇಗೆ ಬಿದ್ದಿದ್ದು ಒಂದನ್ನೂ ಬಿಸಾಕಿಲ್ಲ, ಎಣಿಸ್ಕಳ್ರಿ, ನಲವತ್ತೂ ಐಸಲ್ಲೇ ಅವೆ.”