ಸರಿಯದ ಮಣಿ

ವೇದಿಕೆಯ ಮೇಲೆ ಮೊದಲ ಅಧ್ಯಾಯದ ಓದು ಮುಗಿದರೂ ಸಭೆಯಲ್ಲಿ ಕುಳಿತಿದ್ದ ಸುಲ್ತಾನಬಿಯ ಬೆರಳು ತಸಬಿ ಜಪಮಾಲೆಯ ಮೊದಲ ಮಣಿಯಲ್ಲೇ ಇತ್ತು. ಆಕೆ ಬಾಯಲ್ಲಿ ಹೇಳಿದ ಬಾಳಿನ ಕಥೆಯನ್ನು ಬರೆದುಕೊಂಡು, ತನ್ನ ಮನೆಯಲ್ಲೇ ಕುಳಿತು ತಿದ್ದಿ ಪುಸ್ತಕ ಮಾಡಿದವಳು ಪಕ್ಕದಲ್ಲಿದ್ದ ಬ್ರಾಹ್ಮಿ. "ಒಂದು ಮಾತೂ ಹೆಚ್ಚಿಲ್ಲ, ತಿದ್ದುವುದೆಂದರೆ ಇದು" ಎಂದು ನಿಪ್ಪಾಣಿಯಲ್ಲಿ ನಡೆದಿದ್ದ ಸಂಪಾದಕರ ಸಮ್ಮೇಳನದ ಅಧ್ಯಕ್ಷರು ಹೊಗಳಿದರು. ಚಪ್ಪಾಳೆ ಬಿತ್ತು.

"ನನ್ನ ರುಕ್ಸಾರಳ ಹೆಸರ ಇನ್ನೂ ಬರಲಿಲ್ಲಲ್ಲ ಬೇಟಿ? ಬಂದಾಗೆಲ್ಲ ಒಂದ ದುವಾ ಮಾಡಿ ಒಂದ ಮಣಿ ಸರಸೂನು ಅಂತ ಕುಂತೀನಿ" ಎಂದಳು ಸುಲ್ತಾನಬಿ.

ಸತ್ತ ಮಗಳ ಹೆಸರನ್ನು ಮುದುಕಿ ಒಂದೊಂದು ಪ್ರಸಂಗದ ಕೊನೆಗೂ ಹೇಳಿದ್ದಳು. ಹೇಳಿದ್ದನ್ನೇ ಹೇಳಿದಂತಾಯಿತೆಂದು ಬ್ರಾಹ್ಮಿ ಅಷ್ಟನ್ನೂ ಹೊಡೆದುಹಾಕಿ, ಕೊನೆಯ ಪುಟದಲ್ಲಿ ಒಂದನ್ನು ಮಾತ್ರ ಉಳಿಸಿದ್ದಳು.

"ಕೊನೀಗೆ ಬರ್ತೈತ್ರಿ, ಚಾಚಿ."

"ಆತ ತಗೋ, ಕಾಯ್ತೀನಿ."

ಓದಬೇಕಿದ್ದ ಒಂದೇ ಅಧ್ಯಾಯ ಮುಗಿದು, ವೇದಿಕೆಯ ಮೇಲೆ ಆಗಲೇ ಪುಸ್ತಕ ಮುಚ್ಚಿದ್ದರು.